ಪೈಂಟ್ ಒಣಗುವವರೆಗೆ

ಸೋಮವಾರ ಬೆಳಿಗ್ಗೆ ಪೆರ್ಲ ಪೇಟೆಗೆ ಹೊರಟವನು ಅಂಗಳದಲ್ಲಿಯೇ ನಿಂತೆ. ಬೈಕಿನ ಬಲಬದಿಯ ಪ್ಯಾನೆಲಿನ ಕೆಂಪು ಟ್ಯಾಂಕಿನ ಕೆಂಪಿನಂತಿರಲಿಲ್ಲ. ಬಾಗಿ ನೋಡಿದರೆ ಹಾಲಿನ ಕೆನೆಯಂತೆ ಸುಕ್ಕುಗಟ್ಟಿದ ಬಣ್ಣ, ನಡುನಡುವೆ ಸಾಸಿವೆ ಗಾತ್ರದ ಗುಳಿಗಳು. ಮಗನನ್ನು ಜೋರಾಗಿಯೇ ಕರೆದೆ. ಅವನು ಜಗಲಿಯ ಮೆಟ್ಟಿಲಿಳಿಯುವಾಗ ಬಲಗಾಲು ಮಡಚುತ್ತಿರಲಿಲ್ಲ.

ಗುರುವಾರ ಅಡ್ಕಸ್ಥಳದಿಂದ ಬರುವಾಗ ಎದುರಿನ ಲಾರಿಗೆ ದಾರಿ ಬಿಡಲು ಹೋಗಿ ರಸ್ತೆಯಂಚಿನ ಜಲ್ಲಿಯಲ್ಲಿ ಜಾರಿ ಬಿದ್ದಿದ್ದಾನೆ. ನಾನು ಮದುವೆ ಮನೆಗೆ ಹೋಗಿದ್ದೆ. ಅವನು ಪೇಟೆಯಿಂದ ಸ್ಪ್ರೇ ಡಬ್ಬಿ ತಂದು, ಗೀರುಗಳನ್ನು ಪೆಟ್ರೋಲಿನಲ್ಲಿ ಒರೆಸಿ, ಕೊಟ್ಟಿಗೆಯ ಹಿಂದೆ ಕುಳಿತು ಬಣ್ಣ ಹೊಡೆದಿದ್ದಾನೆ. ಇಷ್ಟನ್ನು ತಲೆ ತಗ್ಗಿಸಿ ಹೇಳಿದ.

"ಕಾಲನ್ನು ತೊಳೆದೆಯಾ?" ಎಂದು ಕೇಳಿದೆ.

"ಸಂಜೆ ತೊಳೆದೆ. ಅಲ್ಲಿಯವರೆಗೆ ಪೈಂಟ್ ಒಣಗಲಿ ಎಂದು ಕಾಯುತ್ತಿದ್ದೆ, ಅಪ್ಪ."

ವೈದ್ಯರು ಗಾಯದೊಳಗಿಂದ ಜಲ್ಲಿಯ ಚೂರುಗಳನ್ನು ತೆಗೆದು ಟಿಟಿ ಚುಚ್ಚುಮದ್ದು ಕೊಟ್ಟರು. ಇನ್ನೆರಡು ದಿನ ಬಿಟ್ಟಿದ್ದರೆ ಕೀವು ಆಳಕ್ಕೆ ಇಳಿಯುತ್ತಿತ್ತು ಎಂದರು. ನನಗೆ ಆ ಮಾತಿಗಿಂತ ಮಗನ ಮಾತೇ ಹೆಚ್ಚು ಕೇಳಿಸುತ್ತಿತ್ತು. ರಕ್ತ ಸೋರುವ ಮೊಣಕಾಲನ್ನು ಹಾಗೆಯೇ ಬಿಟ್ಟು, ಪ್ಯಾನೆಲನ್ನು ಮಡಿಲಲ್ಲಿಟ್ಟುಕೊಂಡು, ನನ್ನ ಹುಡುಗ ಬಣ್ಣ ಒಣಗುವುದನ್ನು ಕಾಯುತ್ತಿದ್ದ.

ಬೈಕ್ ಮಾರುವ ಕಡೆ ವಿಚಾರಿಸಿದರೆ ಇಂಥದ್ದನ್ನು ರಿಪೇರಿ ಮಾಡುವುದಿಲ್ಲ, ಹೊಸ ಪ್ಯಾನೆಲ್ ಹಾಕಿಸಿ ಎಂದರು. ಗೀರಿದ ಕೂಡಲೇ ಎಸೆಯಿರಿ ಎನ್ನುವವರ ಮೇಲೆ ನನಗೆ ಮೊದಲಿನಿಂದಲೂ ವಿಶ್ವಾಸವಿಲ್ಲ. ಬದಿಯಡ್ಕದ ಪೈಂಟರ್ ಒಬ್ಬನ ಬಳಿಗೆ ಹೋದೆ. ಮನೆಮಾತು ಮಲಯಾಳ, ಗಿರಾಕಿಗಳೊಡನೆ ತುಳು, ನನ್ನೊಡನೆ ಕನ್ನಡ. ಅವನು ಗೀರನ್ನು ನೋಡುವ ಮೊದಲು ಪ್ಯಾನೆಲನ್ನು ಮಗುಚಿ ಒಳಬದಿಯ ಅಚ್ಚನ್ನು ಓದಿದ. ಎಬಿಎಸ್ ಎಂದಿತ್ತು. ಬ್ರೇಕಿನ ಎಬಿಎಸ್ ಅಲ್ಲ, ಅದು ಪ್ಲಾಸ್ಟಿಕ್ಕಿನ ಜಾತಿ. ಇದು ಅಸಿಟೋನ್ ಎಂಬ ದ್ರಾವಕದಲ್ಲಿ ಕರಗುತ್ತದೆ, ಬಣ್ಣವನ್ನೂ ಹಿಡಿಯುತ್ತದೆ. ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಎಂಬ ಇನ್ನೊಂದು ಜಾತಿ, ಎಂದಿದ್ದರೆ ಅದಕ್ಕೆಂದೇ ಇರುವ ಪ್ರೈಮರ್ ಮೊದಲು ಹೊಡೆಯಬೇಕು, ಇಲ್ಲವಾದರೆ ಬಣ್ಣ ಹಪ್ಪಳದಂತೆ ಏಳುತ್ತದೆ ಎಂದ. ಬಳಿಕ ಗುಳಿಗಳ ಮೇಲೆ ಬೆರಳಾಡಿಸಿದ.

"ಅಣ್ಣಾ, ಇದಕ್ಕೆ ಪಾಲಿಶ್ ಹಾಕುತ್ತಿದ್ದವರು ಯಾರು?"

ನಾನೇ. 2011ರಲ್ಲಿ ಅಡಿಕೆ ಮಾರಿದ ಹಣದಲ್ಲಿ ಕೊಂಡ ಬೈಕ್ ಅದು. ಅಂದಿನಿಂದ ಪ್ರತಿ ಭಾನುವಾರ ತೊಳೆದು, ಹಳೆಯ ಬನಿಯನ್ ಬಟ್ಟೆಯಲ್ಲಿ ಪಾಲಿಶ್ ತಿಕ್ಕುತ್ತಿದ್ದೇನೆ. ಹೊಳಪು ಕೊಡುವ ಪಾಲಿಶ್‌ಗಳಲ್ಲಿ ಸಿಲಿಕೋನ್ ಇರುತ್ತದಂತೆ. ಅದರ ಪಸೆ ಉಳಿದ ಜಾಗದಲ್ಲಿ ಬಣ್ಣ ನಿಲ್ಲದೆ ಸರಿದು ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಸುಕ್ಕಿಗೆ ಕಾರಣ ಬೇರೆ: ಒಂದೇ ಸಲ ದಪ್ಪವಾಗಿ ಹೊಡೆದದ್ದು. ಗುಳಿ ಮಾತ್ರ ನನ್ನ ಪಾಲಿಶಿನದು. ಹುಡುಗ ಎಷ್ಟು ಸಲ ಹೊಡೆದರೂ ಅವು ಮತ್ತೆ ಬಿದ್ದಿರುತ್ತವೆ ಎಂದ ಪೈಂಟರ್. ಎಷ್ಟು ಸಲ ಹೊಡೆದಿದ್ದನೋ, ಮಗನನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಕೆಲಸವನ್ನು ಅಲ್ಲಿಯೇ ಕುಳಿತು ನೋಡಿದೆ. ಮೊದಲು ಸಾಬೂನು ನೀರು, ಆಮೇಲೆ ಜಿಡ್ಡು ತೆಗೆಯುವ ದ್ರಾವಣ. ಪೆಟ್ರೋಲ್ ತಾಗಿಸಲೇಬಾರದು, ಅದು ಈ ಪ್ಲಾಸ್ಟಿಕ್ಕನ್ನು ಬಿರುಕು ಬಿಡಿಸುತ್ತದೆ. ಮಗನ ಬಣ್ಣವನ್ನೆಲ್ಲ 320 ನಂಬರಿನ ವಾಟರ್ ಪೇಪರ್ ಎಂಬ ಉಜ್ಜುಕಾಗದದಲ್ಲಿ ನೀರು ಬಿಟ್ಟು ಉಜ್ಜಿ ತೆಗೆದ. ಬೋಲ್ಟ್ ಕೂರುವಲ್ಲಿ ಸಣ್ಣ ಸೀಳಿತ್ತು. ಒಡೆದ ಹಳೆಯ ಪ್ಯಾನೆಲುಗಳ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಬಾಟಲಿಯಲ್ಲಿ ಇಟ್ಟಿದ್ದ. ಆ ಗಂಜಿಯಂಥ ದ್ರವವನ್ನು ಒಳಬದಿಯಿಂದ ತುಂಬಿಸಿದ. ಯಾರದೋ ಬೈಕಿನ ಚೂರು ನಮ್ಮ ಬೈಕಿನ ಬಿರುಕಿಗೆ ಮೈಯಾಯಿತು. ಆಳದ ಗೀರಿಗೆ ಪುಟ್ಟಿ, ಮತ್ತೆ ಇನ್ನೂ ನಯವಾದ 600ರ ಪೇಪರ್, ಪ್ರೈಮರ್. ಬಣ್ಣ ಹೊಡೆಯಲು ಮಾತ್ರ ಎರಡು ದಿನ ತಡೆದ. ಮಳೆ ಬಿಟ್ಟಿರಲಿಲ್ಲ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಬಣ್ಣಕ್ಕೆ ಬಿಳಿ ಮಂಜು ಕವಿಯುತ್ತದೆ. ಬುಧವಾರ ಬಿಸಿಲು ಕಂಡಿತು. ತೆಳುವಾಗಿ ಮೂರು ಸಲ ಬಣ್ಣ, ಪ್ರತಿ ಸಲಕ್ಕೂ ನಡುವೆ ಹತ್ತು ನಿಮಿಷ ಬಿಡುವು, ಕೊನೆಗೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಹೊಳಪಿನ ಪದರ. ಗಟ್ಟಿಕಾರಕ ಬೆರೆಸಿದ ಆ ಕ್ಲಿಯರ್ ಶ್ವಾಸಕೋಶಕ್ಕೆ ವಿಷ ಎಂದು ಮಾಸ್ಕ್ ಕಟ್ಟಿಕೊಂಡು, ನನ್ನನ್ನು ಹೊರಗೆ ಕಳಿಸಿದ. ಇಷ್ಟು ಜಾಗ್ರತೆಯ ಕೆಲಸಗಾರರನ್ನು ಕಂಡರೆ ನನಗೆ ಕೈ ಮುಗಿಯಬೇಕೆನಿಸುತ್ತದೆ.

ಹೊರಗೆ ನಿಂತ ಆ ಹತ್ತು ಹತ್ತು ನಿಮಿಷಗಳಲ್ಲಿ ಮತ್ತೆ ಅದೇ ಮಾತು. ಪೈಂಟ್ ಒಣಗಲಿ ಎಂದು ಕಾಯುತ್ತಿದ್ದೆ, ಅಪ್ಪ. ನಾನು ಮಗನ ಮೇಲೆ ಕೈ ಮಾಡಿದವನಲ್ಲ. ಎರಡು ಬಾರಿಸಿ ಬೆಳೆಸಿದ್ದರೆ ಹೀಗೆ ಮುಚ್ಚಿಡುತ್ತಿರಲಿಲ್ಲ ಎಂದು ಭಾವ ಫೋನಿನಲ್ಲಿ ಹೇಳಿದ. ಅವನ ಮನೆಯ ಮಕ್ಕಳು ಅವನೆದುರು ಕೂತು ಊಟ ಮಾಡಿದ್ದನ್ನು ನಾನು ಕಂಡಿಲ್ಲ, ಅವನ ಮಾತು ನನಗೆ ಬೇಕಾಗಿಲ್ಲ. ಹೆಂಡತಿ ಹೇಳಿದ್ದು ಬೇರೆ. "ಅವನಿಗೆ ನಿಮ್ಮ ಭಯವಲ್ಲ. ಬೈಕಿಗೆ ಏನಾದರೂ ಆದರೆ ನಿಮ್ಮ ಮುಖ ಬಾಡುತ್ತದಲ್ಲ, ಅದನ್ನು ನೋಡಲು ಅವನಿಂದ ಆಗುವುದಿಲ್ಲ." ಏಳು ವರ್ಷದವನಿದ್ದಾಗಿನಿಂದ ಭಾನುವಾರದ ನೀರಿನ ಬಕೆಟ್ ಹಿಡಿದು ನನ್ನ ಪಕ್ಕ ನಿಂತವನು ಅವನು. ನಾನು ಗೀರೊಂದನ್ನು ಬೆರಳಿನಿಂದ ಸವರಿ ನಿಟ್ಟುಸಿರು ಬಿಟ್ಟದ್ದನ್ನೆಲ್ಲ ನೋಡಿದ್ದಾನೆ. ಅವನು ಬಿದ್ದು ಬಂದ ಯಾವ ದಿನವಾದರೂ ನಾನು ಹಾಗೆ ಸವರಿದ್ದುಂಟೋ ಎಂದು ನೆನಪಿಸಿಕೊಳ್ಳುತ್ತಿದ್ದೇನೆ. ಉಂಟು, ಖಂಡಿತ ಉಂಟು. ಆದರೆ ಅವನಿಗೆ ನೆನಪಿರುವುದು ಅದಲ್ಲ.

ಪ್ಯಾನೆಲ್ ಈಗ ಟ್ಯಾಂಕಿನ ಕೆಂಪಿಗೆ ಸೇರಿಕೊಂಡಿದೆ. ಒಂದು ತಿಂಗಳು ಪಾಲಿಶ್ ಮುಟ್ಟಿಸಬೇಡಿ, ಒಳಗಿನ ಥಿನ್ನರ್ ಪೂರ್ತಿ ಹೊರಹೋಗಲಿ ಎಂದಿದ್ದಾನೆ ಪೈಂಟರ್. ಇವತ್ತು ಭಾನುವಾರ. ಬೆಳಿಗ್ಗೆ ಮಗನ ಕಾಲನ್ನು ನನ್ನ ತೊಡೆಯ ಮೇಲಿಟ್ಟು ಡ್ರೆಸ್ಸಿಂಗ್ ಬದಲಾಯಿಸಿದೆ. ಅಂಚಿನಲ್ಲಿ ಹೊಸ ಚರ್ಮ ಬರುತ್ತಿದೆ.

"ಬೈಕಿನ ಕೀಲಿಕೈ ಎಲ್ಲಿಟ್ಟಿದ್ದೀರಿ, ಅಪ್ಪ?" ಎಂದು ಮೆಲ್ಲಗೆ ಕೇಳಿದ.

ಯಾವಾಗಲೂ ಇರುವ ಮೊಳೆಯಲ್ಲಿಯೇ ಇದೆ ಎಂದೆ.