ಮೋವರ್ ದುರಸ್ತಿ, ಮೂರನೆಯ ವಾರ: ಪೆಡಲಿನ ಕೆಳಗೆ ಕಳೆದುಹೋಗಿದ್ದ 5.7 ವೋಲ್ಟ್

ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ, ತಗಡಿನ ಶೆಡ್ಡಿನೊಳಗೆ ನಿಲ್ಲಲಾಗದಷ್ಟು ಕಾವು ಇದ್ದ ಹೊತ್ತಿನಲ್ಲೇ, ಕೂತು ಓಡಿಸುವ ನಮ್ಮ ಹುಲ್ಲು ಕತ್ತರಿಸುವ ಯಂತ್ರವು ಕೀ ತಿರುಗಿಸಿದ ಒಂದೇ ಸಲಕ್ಕೆ ಚಾಲೂ ಆಯಿತು. ಹೊತ್ತನ್ನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಮೂರು ವಾರಗಳಿಂದ ಈ ಮೋವರು ಬೆಳಗಿನ ಏಳು ಗಂಟೆಗೆ ತಕರಾರಿಲ್ಲದೆ ಚಾಲೂ ಆಗುತ್ತಿತ್ತು. ಅದೇ ಕೀಯನ್ನು ಮಧ್ಯಾಹ್ನ ತಿರುಗಿಸಿದರೆ, ಸ್ಟಾರ್ಟರಿಗೆ ಬ್ಯಾಟರಿಯ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚಾದ ಸೊಲೆನಾಯ್ಡಿನೊಳಗಿಂದ ಹಲ್ಲಿ ಲೊಚಗುಟ್ಟಿದಂಥ ಸದ್ದು ಬರುತ್ತಿತ್ತೇ ಹೊರತು ಸ್ಟಾರ್ಟರ್ ಮೋಟಾರು ಕದಲುತ್ತಿರಲಿಲ್ಲ.

ಗುಜರಿಗೆ ಹೋಗಬೇಕಿದ್ದ ಈ ಯಂತ್ರವನ್ನು ನಾವು ನಾಲ್ವರು ಗೆಳೆಯರು ನಮ್ಮ ಕ್ರಿಕೆಟ್ ಮೈದಾನಕ್ಕೆಂದು ಕೊಂಡು ತಂದ ದಿನ ಪಕ್ಕದ ಮನೆಯ ಕಾಕಾ ಅದನ್ನು ಎರಡು ಸುತ್ತು ಹಾಕಿ ನೋಡಿ, "ಕಲಬುರಗಿ ಬಿಸಿಲಾಗ ಹುಲ್ಲ ಎಲ್ಲಿ ಉಳೀತದ, ತಮ್ಮಾ?" ಎಂದು ಕೇಳಿದ್ದರು. ಮಳೆಗಾಲ ಬರಲಿ ಎಂದು ಉತ್ತರಿಸಿದ್ದೆ. ಕಾರ್ಬ್ಯುರೇಟರ್ ತೊಳೆದದ್ದು, ಬೆಲ್ಟ್ ಬದಲಿಸಿದ್ದು, ಬ್ಲೇಡಿಗೆ ಸಾಣೆ ಹಿಡಿಸಿದ್ದು ನಿಮಗೆಲ್ಲ ತಿಳಿದ ಕೆಲಸಗಳೇ ಆದ್ದರಿಂದ ಅವನ್ನು ಬಿಡುತ್ತೇನೆ.

ಬ್ಯಾಟರಿಯ ಮೇಲೆ ಮೊದಲು ಅನುಮಾನ ಬಂದದ್ದು ಸಹಜ. ಆದರೆ ಅದು ಸುಮ್ಮನಿರುವಾಗ 12.6 ವೋಲ್ಟ್ ತೋರಿಸುತ್ತಿತ್ತು, ಬೆಳಗ್ಗೆ ಸ್ಟಾರ್ಟರ್ ತಿರುಗುವಾಗಲೂ 10.4ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ಗೇರನ್ನು ನ್ಯೂಟ್ರಲ್ಲಿಗೆ ಹಾಕಿ, ಪ್ಲಗ್ಗಿನ ತಂತಿ ಕಿತ್ತು, ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳನ್ನು ಕೇಬಲ್ಲಿನಿಂದ ಜೋಡಿಸಿದಾಗ ಸ್ಟಾರ್ಟರು ಗಿರ್ರನೆ ತಿರುಗಿತು. ಅಲ್ಲಿಗೆ ಬ್ಯಾಟರಿ, ದಪ್ಪ ಕೇಬಲ್, ಮೋಟಾರು ಮೂರೂ ನಿರಪರಾಧಿಗಳೆಂದಾಯಿತು. ಉಳಿದದ್ದು ಬ್ಯಾಟರಿಯಿಂದ ಫ್ಯೂಸ್, ಕೀ ಸ್ವಿಚ್, ಬ್ರೇಕ್ ಪೆಡಲಿನ ಸ್ವಿಚ್, ಬ್ಲೇಡ್ ಸ್ವಿಚ್‌ಗಳನ್ನು ಹಾದು ಸೊಲೆನಾಯ್ಡಿನ ತಂತಿಸುರುಳಿಯಾದ ಕಾಯಿಲ್‌ವರೆಗೆ ಹೋಗುವ ಸಣ್ಣ ತಂತಿಯ ದಾರಿ ಮಾತ್ರ. ಈ ಮಾದರಿಯಲ್ಲಿ ಸೀಟಿನ ಸ್ವಿಚ್ ಆ ದಾರಿಯಲ್ಲಿಲ್ಲ. ಅದಿರುವುದು ಎಂಜಿನ್ ನಿಲ್ಲಿಸುವ ಸರ್ಕ್ಯೂಟಿನಲ್ಲಿ.

ನಾನು ಎರಡು ವಾರ ಹಾಳುಮಾಡಿಕೊಂಡದ್ದು ಇಲ್ಲಿಯೇ. ಮಲ್ಟಿಮೀಟರನ್ನು, ದಾರಿ ಕಡಿಯದೆ ಕೂಡಿದ್ದರೆ ಬೀಪ್ ಎನ್ನುವ ಕಂಟಿನ್ಯುಟಿಗೆ ಇಟ್ಟು ಒಂದೊಂದೇ ಸ್ವಿಚ್ಚನ್ನು ಪರೀಕ್ಷಿಸಿದೆ. ಎಲ್ಲವೂ ಬೀಪ್ ಎಂದವು. ಸೊಲೆನಾಯ್ಡಿಗೆ ಬರುವ ತಂತಿಯನ್ನು ಕಳಚಿ, ಕೀ ತಿರುಗಿಸಿ, ತಂತಿಯ ತುದಿಯಲ್ಲಿ ನೋಡಿದರೆ 12.5 ವೋಲ್ಟ್ ಇತ್ತು. ಹಾಗಾದರೆ ಸೊಲೆನಾಯ್ಡೇ ಕೆಟ್ಟಿದೆ ಎಂದು ತೀರ್ಮಾನಿಸಿ ಹೊಸದನ್ನು ಆನ್‌ಲೈನಿನಲ್ಲಿ ತರಿಸಿದೆ. ಚಿತ್ರದಲ್ಲಿ ಮೂರು ಟರ್ಮಿನಲ್ಲಿನದನ್ನು ತೋರಿಸಿದ್ದ ಮಾರಾಟಗಾರರು ಹನ್ನೊಂದು ದಿನ ಕಾಯಿಸಿ ನಾಲ್ಕು ಟರ್ಮಿನಲ್ಲಿನದನ್ನು ಕಳಿಸಿದರು. ದೂರು ಕೊಟ್ಟರೆ "ಒಂದು ಹೆಚ್ಚೇ ಇದೆಯಲ್ಲ ಸರ್" ಎಂಬ ಸಮಾಧಾನ ಸಿಕ್ಕಿತು. ಹೈದರಾಬಾದಿನ ಇನ್ನೊಂದು ಅಂಗಡಿಯವರು ಬಿಡಿ ಸ್ವಿಚ್ಚನ್ನು ಕೊಡುವುದಿಲ್ಲ, ಪೂರ್ತಿ ವೈರಿಂಗ್ ಸೆಟ್ಟನ್ನೇ ಕೊಳ್ಳಬೇಕು ಎಂದರು. ಅದರ ಬೆಲೆ ನಾವು ಮೋವರಿಗೆ ಕೊಟ್ಟದ್ದಕ್ಕಿಂತ ಹೆಚ್ಚಿತ್ತು. ನಾಲ್ಕನೆಯ ಟರ್ಮಿನಲ್ಲನ್ನು ಅರ್ತ್ ಮಾಡಿ ಹೊಸ ಸೊಲೆನಾಯ್ಡನ್ನೇ ಕೂರಿಸಿದೆ. ಮಧ್ಯಾಹ್ನ ಹಲ್ಲಿ ಮತ್ತೆ ಲೊಚಗುಟ್ಟಿತು.

ತಪ್ಪು ನನ್ನ ಅಳತೆಯ ಕ್ರಮದಲ್ಲಿತ್ತು. ತಂತಿಯನ್ನು ಕಳಚಿ ನೋಡಿದಾಗ ಅದರಲ್ಲಿ ಕರೆಂಟು ಹರಿಯುವುದೇ ಇಲ್ಲ. ಮೀಟರು ಎಳೆದುಕೊಳ್ಳುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ, ಹೀಗಾಗಿ ನಡುವೆ ಎಂಥ ಕಿಲುಬು ಹಿಡಿದ ಕಾಂಟ್ಯಾಕ್ಟ್ ಇದ್ದರೂ ತುದಿಯಲ್ಲಿ ಪೂರ್ತಿ ವೋಲ್ಟೇಜೇ ಕಾಣುತ್ತದೆ. ಬೀಪ್ ಕೂಡ ಅಷ್ಟೇ ನಂಬಿಕೆಗೆ ಅರ್ಹ. ನನ್ನ ಮೀಟರು 30 ಓಮ್ ಇದ್ದರೂ ಬೀಪ್ ಎನ್ನುತ್ತದೆ, ಆದರೆ ಸೊಲೆನಾಯ್ಡಿನ ಕಾಯಿಲ್ ಇರುವುದೇ 3.3 ಓಮ್. ಕಾಯಿಲ್‌ಗಿಂತ ಹೆಚ್ಚು ರೆಸಿಸ್ಟೆನ್ಸ್ ದಾರಿಯಲ್ಲಿ ಕೂತಿದ್ದರೂ ಮೀಟರು ಖುಷಿಯಿಂದ ಕೂಗುತ್ತಲೇ ಇರುತ್ತದೆ.

ಆಮೇಲೆ ತಂತಿಯನ್ನು ಮರಳಿ ಸೇರಿಸಿ, ಗೆಳೆಯನನ್ನು ಸೀಟಿನ ಮೇಲೆ ಕೂರಿಸಿ, ಅವನು ಬ್ರೇಕ್ ಒತ್ತಿ ಕೀ ಹಿಡಿದಿರುವಾಗಲೇ ಅಳೆದೆ. ಬ್ಯಾಟರಿಯಲ್ಲಿ 12.4, ಕಾಯಿಲ್‌ನಲ್ಲಿ ಬರಿಯ 5.8. ಹಾಗಾದರೆ 6.6 ವೋಲ್ಟ್ ದಾರಿಯಲ್ಲೇ ಮಾಯವಾಗುತ್ತಿತ್ತು. ಮೀಟರಿನ ಎರಡು ಕಡ್ಡಿಗಳನ್ನು ಒಂದೊಂದು ಭಾಗದ ಆಚೀಚೆ ಇಟ್ಟು ಲೆಕ್ಕ ಕೇಳುತ್ತ ಹೋದಾಗ ಫ್ಯೂಸಿನ ಹಿಡಿಕೆಯಲ್ಲಿ 0.1, ಕೀ ಸ್ವಿಚ್ಚಿನಲ್ಲಿ 0.4, ಬ್ಲೇಡ್ ಸ್ವಿಚ್ಚಿನಲ್ಲಿ 0.2, ಅರ್ತ್ ಕಡೆಯಲ್ಲಿ 0.2 ಸಿಕ್ಕವು. ಬ್ರೇಕ್ ಪೆಡಲಿನ ಸ್ವಿಚ್ ಒಂದೇ 5.7 ವೋಲ್ಟ್ ನುಂಗಿ ಕೂತಿತ್ತು.

ಬೆಳಗ್ಗೆ ಮಾತ್ರ ಏಕೆ ಚಾಲೂ ಆಗುತ್ತಿತ್ತು ಎಂಬುದೂ ಇದರಿಂದಲೇ ಬಿಡಿಸಿಕೊಂಡಿತು. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 0.4 ಶೇಕಡಾ ಏರುತ್ತದೆ. ಬಾನೆಟ್ಟಿನ ಕೆಳಗೆ ಬೆಳಗ್ಗೆಗಿಂತ 30 ಡಿಗ್ರಿ ಹೆಚ್ಚಾದರೆ 3.3 ಓಮಿನ ಕಾಯಿಲ್ ಸುಮಾರು 3.7 ಆಗುತ್ತದೆ. ಹೀಗಾಗಿ ಅದೇ ವೋಲ್ಟಿಗೆ ಹರಿಯುವ ಕರೆಂಟು ಕಡಿಮೆಯಾಗುತ್ತದೆ, ಒಳಗಿನ ಸ್ಪ್ರಿಂಗನ್ನು ಸೋಲಿಸಲು ಬೇಕಾದ ಕರೆಂಟು ಮಾತ್ರ ಮೊದಲಿನಷ್ಟೇ ಇರುತ್ತದೆ. ಇದರ ಮೇಲೆ ಸ್ವಿಚ್ಚಿನ ಕಾಂಟ್ಯಾಕ್ಟ್ ಕೂಡ ಕಾವಿಗೆ ಇನ್ನಷ್ಟು ಸಡಿಲವಾಗುತ್ತಿತ್ತು: ಬೆಳಗ್ಗೆ ಕಾಯಿಲ್‌ಗೆ 7.4 ವೋಲ್ಟ್ ಸಿಗುತ್ತಿತ್ತು, ಅದು ಹೇಗೋ ಸಾಲುತ್ತಿತ್ತು.

ಗ್ಯಾರೇಜಿನ ಹುಡುಗನಿಗೆ ಇದನ್ನು ತೋರಿಸಿದಾಗ ಅವನು ಒಂದು ಗಳಿಗೆಯೂ ಯೋಚಿಸದೆ, "ಡೈರೆಕ್ಟ್ ಮಾಡಿ ಬಿಡ್ರಿ ಸರ್, ಏನೂ ಆಗಂಗಿಲ್ಲ" ಎಂದ. ಆ ಸ್ವಿಚ್ ಇರುವುದೇ ಬ್ರೇಕ್ ಒತ್ತದೆ ಯಾರೂ ಯಂತ್ರವನ್ನು ಚಾಲೂ ಮಾಡದಿರಲಿ ಎಂದು. ಕೆಳಗೆ ಬ್ಲೇಡುಗಳಿರುವ, ಭಾನುವಾರ ಸುತ್ತ ಮಕ್ಕಳು ಓಡಾಡುವ ಯಂತ್ರದಲ್ಲಿ ಅದನ್ನು ತಪ್ಪಿಸಲು ನಾನು ಒಪ್ಪಲಿಲ್ಲ. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ ಅದೇ ಅಳತೆಯ ಕಾರಿನ ಬ್ರೇಕ್ ಲೈಟ್ ಸ್ವಿಚ್ ಸಿಕ್ಕಿತೆಂದು ಹಿಗ್ಗಿ ಮನೆಗೆ ತಂದರೆ, ಮೇಜಿನ ಮೇಲೆ ಪರೀಕ್ಷಿಸುವಾಗ ಅದು ತಲೆಕೆಳಗಾಗಿ ನಡೆದುಕೊಂಡಿತು: ಕಡ್ಡಿಯನ್ನು ಒತ್ತಿದರೆ ಸರ್ಕ್ಯೂಟು ಕಡಿಯುತ್ತದೆ, ಬಿಟ್ಟರೆ ಕೂಡುತ್ತದೆ. ಅದನ್ನು ಹಾಕಿದ್ದರೆ ಬ್ರೇಕ್ ಒತ್ತದಿದ್ದಾಗ ಮಾತ್ರ ಚಾಲೂ ಆಗುವ ಮೋವರು ನಮ್ಮದಾಗುತ್ತಿತ್ತು.

ಕೊನೆಗೆ ಹಳೆಯದನ್ನೇ ಬಿಚ್ಚಿದೆ. ಎರಡು ರಿವೆಟ್ಟುಗಳನ್ನು ಡ್ರಿಲ್ಲಿನಿಂದ ತೆಗೆದು ಮುಚ್ಚಳ ಎತ್ತಿದರೆ, ಒಳಗೆ ಎರೆಮಣ್ಣಿನ ಹೆಪ್ಪು ಪೇಡೆಯಂತೆ ಗಟ್ಟಿಯಾಗಿ ಕೂತಿತ್ತು, ಅದರಡಿಯ ಕಾಂಟ್ಯಾಕ್ಟುಗಳು ಹಂಚಿನ ತಳದಷ್ಟು ಕಪ್ಪಾಗಿದ್ದವು. ಹಿಂದಿನ ಯಜಮಾನರು ಯಂತ್ರವನ್ನು ಬೋರಿನ ನೀರಿನಿಂದ ಪೈಪು ಹಿಡಿದು ತೊಳೆಯುತ್ತಿದ್ದರಂತೆ. ಉಜ್ಜುಕಾಗದವನ್ನು ಮುಟ್ಟದೆ, ಕ್ಲೀನರ್ ಸಿಂಪಡಿಸಿದ ದಪ್ಪ ಕಾಗದದ ಪಟ್ಟಿಯನ್ನು ಕಾಂಟ್ಯಾಕ್ಟುಗಳ ನಡುವೆ ಎಳೆದೆಳೆದು ಲೋಹ ಹೊಳೆಯುವವರೆಗೆ ಒರೆಸಿ, ರಿವೆಟ್ಟಿನ ಜಾಗಕ್ಕೆ ಸಣ್ಣ ಬೋಲ್ಟು ಹಾಕಿ ಮುಚ್ಚಿದೆ. ಮಧ್ಯಾಹ್ನದ ಕಾವಿನಲ್ಲೇ ಅಳೆದಾಗ ಸ್ವಿಚ್ಚಿನಲ್ಲಿ 0.1 ವೋಲ್ಟ್, ಕಾಯಿಲ್‌ನಲ್ಲಿ 10.6.

ಶೆಡ್ಡಿನ ಮೂಲೆಯಲ್ಲಿ ಗೋಣಿ ಹೊದ್ದು ನಿಂತಿರುವ, ಮೈಸೂರಿನಲ್ಲಿ ತಯಾರಾದ 6 ವೋಲ್ಟಿನ ಯೆಜ್ಡಿ ಬೈಕು ಮುಂದಿನ ಸರದಿಯದು. ಅದೇ ವ್ಯಾಟಿನ ಬಲ್ಬಿಗೆ ಅಲ್ಲಿ ಎರಡು ಪಟ್ಟು ಕರೆಂಟು ಬೇಕು, ಹಾಗಾಗಿ ಅದೇ ಕೊಳೆಯಲ್ಲಿ ಎರಡು ಪಟ್ಟು ವೋಲ್ಟ್ ಕಳೆಯುತ್ತದೆ, ಅದೂ ಅರ್ಧ ಬಂಡವಾಳದಿಂದ. ಅದರ ಹೆಡ್‌ಲೈಟು ಮಿಣುಕುಹುಳದಂತೆ ಉರಿಯುವುದಕ್ಕೆ ಡೈನಮೊವನ್ನು ಇಷ್ಟು ದಿನ ಬೈದದ್ದು ಅನ್ಯಾಯವಿರಬಹುದು ಎಂಬ ಅನುಮಾನ ಈಗ ಹುಟ್ಟಿದೆ.

ಅದಕ್ಕೆ ಮುನ್ನ ಮೋವರಿನಲ್ಲಿ ಒಂದು ಕೆಲಸ ಬಾಕಿ ಇದೆ. ಕರೆಂಟು ಹೆಚ್ಚಾದ ಮೇಲೆ ಕೀ ಸ್ವಿಚ್ಚಿನಲ್ಲಿ 0.8 ವೋಲ್ಟ್ ಕಳೆಯುತ್ತಿದೆ. ಅದನ್ನೂ ಬಿಚ್ಚಿ ಒರೆಸಿ, ಆಮೇಲೆ ಸುರಕ್ಷತೆಯ ಸ್ವಿಚ್ಚುಗಳೆಲ್ಲವನ್ನೂ ಇದ್ದಂತೆಯೇ ಉಳಿಸಿಕೊಂಡು, ಸೊಲೆನಾಯ್ಡಿನ ಮುಂದೆ ಒಂದು ಹಾರ್ನ್ ರಿಲೇ, ಅಂದರೆ ಅಲ್ಪ ಕರೆಂಟಿನಿಂದ ಹೆಚ್ಚಿನ ಕರೆಂಟನ್ನು ಹಾಯಿಸುವ ಸ್ವಿಚ್ಚು, ಕೂರಿಸಬೇಕೆಂದಿದ್ದೇನೆ. ಆಗ ಈ ಸಣ್ಣ ಸ್ವಿಚ್ಚುಗಳು ಸುಮಾರು 3 ಆಂಪಿಯರಿನ ಬದಲು ರಿಲೇ ಕಾಯಿಲ್‌ನ ಅಲ್ಪ ಕರೆಂಟನ್ನಷ್ಟೇ ಹೊರುತ್ತವೆ. ಸ್ವಿಚ್ಚು ಒರೆಸದೆ ರಿಲೇ ಹಾಕಿದರೆ ರೋಗ ಮುಚ್ಚಿಹೋಗುತ್ತದೆಯಾದ್ದರಿಂದ ಈ ಕ್ರಮ. ರಿಲೇಯನ್ನು ಊರಿನಲ್ಲೇ, ಕೈಯಲ್ಲಿ ಹಿಡಿದು, ಟರ್ಮಿನಲ್ಲುಗಳನ್ನು ಎಣಿಸಿಯೇ ಕೊಳ್ಳುತ್ತೇನೆ.