ಡೊಂಬಿವಲಿಯ ಹ್ಯಾಮ್ ಸ್ಟೇಷನ್: ಅರ್ಥಿಂಗ್ ಆಯಿತು, ಕೇಬಲ್ ಇಳಿಯಿತು

ಮಳೆ ಹಿಡಿಯುವ ಮೊದಲು ನನ್ನ ಹ್ಯಾಮ್ (ಹವ್ಯಾಸಿ ರೇಡಿಯೋ) ಸ್ಟೇಷನ್ನಿನ ಟೆರೇಸ್ ಕೆಲಸ ಮುಗಿಸಲೇಬೇಕಿತ್ತು. ಬಹುತೇಕ ಮುಗಿದಿದೆ.

ಆಂಟೆನಾ 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್ ಆಸುಪಾಸಿನ) ಡೈಪೋಲ್, ಅಂದರೆ ಅರ್ಧ ತರಂಗದಷ್ಟು ಉದ್ದದ, ಎರಡು ತೋಳುಗಳ ತಂತಿ. ಉದ್ದಕ್ಕೆ ರೂಢಿಯ ಲೆಕ್ಕ: 143ನ್ನು 7.1 ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಸುಮಾರು 20 ಮೀಟರ್. ಅಂದರೆ ಒಂದೊಂದು ಕಡೆ 10 ಮೀಟರ್ ತಂತಿ. ಬೇಕೆಂದೇ ಸ್ವಲ್ಪ ಜಾಸ್ತಿ ಬಿಟ್ಟೆ. ತುದಿಗಳಲ್ಲಿ ವೋಲ್ಟೇಜ್ ಹೆಚ್ಚಿರುತ್ತದೆ, ಹಪ್ಪಳ ಒಣಗಿಸಲು ಬರುವವರ ಕೈಗೆ ಎಟುಕದಷ್ಟು ಮೇಲೆ ಕಟ್ಟಿದ್ದೇನೆ.

ತಲೆ ತಿಂದಿದ್ದು ಅರ್ಥಿಂಗ್. ನಮ್ಮದು ಮೂರನೇ ಮಹಡಿ. ಮೇಜಿನಿಂದ ನೆಲಕ್ಕೆ ತಂತಿ ಎಳೆದರೆ 10 ಮೀಟರ್ ದಾಟುತ್ತದೆ. 7.1 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದದ ಕಾಲು ಭಾಗವೂ ಹತ್ತಿರ ಹತ್ತಿರ ಅಷ್ಟೇ! ಅಂಥ ತಂತಿಯ ಕೆಳತುದಿ ಮಣ್ಣಿಗೆ ಸೇರಿದ್ದರೂ, ಮೇಲಿರುವ ರೇಡಿಯೋ ಸಿಗ್ನಲ್‌ಗೆ ಅದು ಎಲ್ಲೂ ಸೇರದ ತಂತಿ ಇದ್ದ ಹಾಗೆ. ಸಿಗ್ನಲ್‌ಗಾಗಿ ನೆಲ ಹುಡುಕುವುದು ಸುಮ್ನೆ ದುಡ್ಡು ದಂಡ. ಡೈಪೋಲ್‌ಗೆ ಅದು ಬೇಕಾಗಿಯೂ ಇಲ್ಲ, ಅದರ ಎರಡು ತೋಳುಗಳೇ ಒಂದಕ್ಕೊಂದು ಜೋಡಿ. ಕೇಬಲ್‌ನ ಹೊರಮೈಯಲ್ಲಿ ಕರೆಂಟ್ ಇಳಿದು ಬರದಂತೆ ಅದು ಆಂಟೆನಾಗೆ ಸೇರುವಲ್ಲಿ ಫೆರೈಟ್ ಚೋಕ್ (ಆ ಕರೆಂಟನ್ನು ತಡೆಯುವ ಕಾಂತೀಯ ಉಂಗುರ) ಹಾಕಿದೆ.

ಸಿಡಿಲಿನ ಕಾಲದ ಸರ್ಜ್‌ಗೆ (ದಿಢೀರ್ ಏರುವ ವೋಲ್ಟೇಜ್‌ಗೆ) ಮಾತ್ರ ನೆಲ ಬೇಕೇ ಬೇಕು. ಆಂಟೆನಾ ಕಟ್ಟಿದ ಪೈಪಿನ ಬುಡದಿಂದ ತಾಮ್ರದ ಪಟ್ಟಿಯನ್ನು ಚೂಪಾಗಿ ಬಗ್ಗಿಸದೆ ಹೊರಗೋಡೆಯ ಮೇಲೆ ಇಳಿಸಿ, ಕೆಳಗೆ ಮಣ್ಣಿನಲ್ಲಿ ಹೂತ ರಾಡ್‌ಗೆ ಸೇರಿಸಿದ್ದೇನೆ. ಕಿಟಕಿ ಹತ್ತಿರ ಕೇಬಲ್‌ಗೆ ಹಾಕಿದ ಅರೆಸ್ಟರ್ (ಸರ್ಜ್ ಅನ್ನು ನೆಲಕ್ಕೆ ಹಾಯಿಸುವ ಸಾಧನ) ಅದೇ ಪಟ್ಟಿಗೆ. ರಾಡ್‌ನ ಗುಂಡಿಗೆ ಉಪ್ಪು, ಇದ್ದಿಲು ಬೇಡ ಅಂದೆ. ಉಪ್ಪು ಲೋಹವನ್ನೇ ತಿನ್ನುತ್ತದೆ. ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣು ತುಂಬಿಸಿದೆವು.

ರಾಡನ್ನು ಬಿಲ್ಡಿಂಗಿನ ಅರ್ಥ್‌ಗೂ ಸೇರಿಸಿ ಅಂದಾಗ ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. ಬೇರೆ ಬೇರೆ ಇದ್ದರೆ, ಹತ್ತಿರ ಸಿಡಿಲು ಹೊಡೆದಾಗ ಎರಡರ ನಡುವೆ ಸಾವಿರಾರು ವೋಲ್ಟ್ ಏರಬಹುದು, ಅದು ಹಾಯುವ ದಾರಿ ನನ್ನ ರೇಡಿಯೋನೇ ಅಲ್ವಾ? ಚಿತ್ರ ಬರೆದು ತೋರಿಸಿದ ಮೇಲೆ ಒಪ್ಪಿದ.

ಮೇಲಿನ ಮನೆಯ ಶೆಟ್ಟರದ್ದು ಬೇರೆ ಚಿಂತೆ: "ಸಿಡಿಲನ್ನು ನಾವೇ ಕರೆದ ಹಾಗೆ ಆಗಲ್ವಾ ಮಾರಾಯ್ರೆ?" ನೇರ ಬಡಿದರೆ ಈ ವ್ಯವಸ್ಥೆ ಭರವಸೆ ಕೊಡುವಂಥದ್ದಲ್ಲ ಎಂದು ಇದ್ದದ್ದನ್ನೇ ಹೇಳಿದೆ. ಗುಡುಗು ಕೇಳಿಸಲಿ ಎಂದು ಕಾಯದೆ, ಮೋಡ ಕಟ್ಟುತ್ತಿರುವಾಗಲೇ ಕೇಬಲ್ ಬಿಚ್ಚಿ ಹೊರಗಿಡುತ್ತೇನೆ.

ಆಂಟೆನಾದಿಂದ ರೇಡಿಯೋಗೆ ಬರುವ ಕೇಬಲ್ ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನ ಆರ್‌ಜಿ-213, ದಪ್ಪ ಕೋಆಕ್ಸಿಯಲ್ ಕೇಬಲ್. 7 ಮೆಗಾಹರ್ಟ್ಸ್‌ಗೆ ತೆಳ್ಳಗಿನ ಆರ್‌ಜಿ-58 ಸಾಕಿತ್ತು. ಆದರೆ ಮುಂದೆ 145 ಮೆಗಾಹರ್ಟ್ಸ್‌ಗೂ ಇದೇ ಬೇಕು, ಅಲ್ಲಿ 20 ಮೀಟರ್ ಆರ್‌ಜಿ-58 ಅರ್ಧಕ್ಕಿಂತ ಜಾಸ್ತಿ ಪವರ್ ನುಂಗುತ್ತದೆ. ಕಿಟಕಿಗೆ ಬರುವ ಮುಂಚೆ ಕೇಬಲನ್ನು ಕೆಳಕ್ಕೆ ಬಳುಕಿಸಿ ಮೇಲೆತ್ತಿದ್ದೇನೆ, ನೀರು ಅಲ್ಲೇ ತೊಟ್ಟಿಕ್ಕಲಿ ಅಂತ. ಕನೆಕ್ಟರ್‌ಗಳಿಗೆ ತನ್ನಷ್ಟಕ್ಕೇ ಬೆಸೆಯುವ ರಬ್ಬರ್ ಟೇಪ್.

ಎಸ್‌ಡಬ್ಲ್ಯೂಆರ್ (ಆಂಟೆನಾ ಕೇಬಲ್‌ಗೆ ಎಷ್ಟು ಹೊಂದುತ್ತದೆ ಎನ್ನುವ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) ಸದ್ಯ 6.95 ಮೆಗಾಹರ್ಟ್ಸ್‌ನಲ್ಲಿ ಅತಿ ಕಡಿಮೆ. ಒಂದೊಂದು ಕಡೆ 20 ಸೆಂಟಿಮೀಟರ್ ಮಡಚಿ ಕಟ್ಟಿದರೆ 7.1ರ ಹತ್ತಿರ ಬರಬೇಕು. ಕತ್ತರಿ ಆಮೇಲೆ.