ಲಕ್ಷ ಜಪದ ಲೆಕ್ಕ, ಅಲೆಯುವ ಮನಸ್ಸು

ಶಿವರಾತ್ರಿಗೆ ಮುಗಿಯುವ ಹಾಗೆ ಒಂದು ಮಂಡಲ, ಅಂದರೆ 48 ದಿನ, ಲಕ್ಷ ಪಂಚಾಕ್ಷರಿ ಜಪ ಮಾಡುತ್ತೇನೆಂದು ಸಂಕಲ್ಪ ಮಾಡುವವರು ಮೊದಲು ಕಾಗದ, ಪೆನ್ನು ಹಿಡಿದು ಕೂರುವುದು ಒಳ್ಳೆಯದು. ಮಾಲೆಯಲ್ಲಿ 108 ಮಣಿ ಇದ್ದರೂ ಲೆಕ್ಕಕ್ಕೆ ಹಿಡಿಯುವುದು 100. ಉಳಿದ ಎಂಟು ತಪ್ಪಿದ್ದಕ್ಕೆ, ತೂಕಡಿಸಿದ್ದಕ್ಕೆ. ದಿನಕ್ಕೆ 20 ಮಾಲೆಯಾದರೆ 96,000ಕ್ಕೆ ನಿಂತುಬಿಡುತ್ತದೆ. 21 ಆದರೆ 1,00,800. ಮಾಲೆಗೆ ನಾಲ್ಕು ನಿಮಿಷವೆಂದರೂ 84 ನಿಮಿಷ ಬೇಕು. ಬೆಳಿಗ್ಗೆ ಹನ್ನೊಂದು, ಸಂಜೆ ಹತ್ತು ಎಂದು ಹಂಚಿಕೊಂಡರೆ ಸೊಂಟ ಬದುಕುತ್ತದೆ. ಬಾಕಿ ಉಳಿಸಿಕೊಂಡವರು ಕೊನೆಯ ವಾರ ಓಡುತ್ತಾರೆ, ಓಟದಲ್ಲಿ ಮೊದಲು ನುಂಗಿಹೋಗುವುದು ‘ಶಿವಾಯ’ದ ‘ಯ’.

ಮಾಲೆ ನಡುಬೆರಳ ಮೇಲೆ ಇಳಿಬಿದ್ದಿರಬೇಕು. ಹೆಬ್ಬೆರಳು ಒಂದೊಂದೇ ಮಣಿಯನ್ನು ತನ್ನ ಕಡೆ ಎಳೆದುಕೊಳ್ಳಬೇಕು, ತೋರುಬೆರಳು ತಗಲಬಾರದು. ಮಣಿ ಮಣಿಯ ನಡುವೆ ಗಂಟು ಇರುವ ಮಾಲೆಯನ್ನೇ ಕೊಳ್ಳಿ. ಗಂಟಿಲ್ಲದಿದ್ದರೆ ಎರಡು ಮಣಿ ಒಟ್ಟಿಗೆ ಜಾರುತ್ತವೆ. ಮಾಲೆಯ ಎರಡು ತುದಿ ಕೂಡುವ ಮೇರುಮಣಿ ಸಿಕ್ಕಿದಾಗ ಅದನ್ನು ದಾಟದೆ ಮಾಲೆ ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹಿಂತಿರುಗಬೇಕು.

ಕೈಬೆರಳು ಮತ್ತು ತುಟಿ, ಇವೆರಡನ್ನೇ ಜಪ ಹಿಡಿದುಕೊಂಡಿರುವುದು ಗಮನಿಸುವಂಥದ್ದು. ಕೆನಡಾದ ನರಶಸ್ತ್ರಜ್ಞ ಪೆನ್‌ಫೀಲ್ಡ್ 1937ರಲ್ಲಿ ಪ್ರಕಟಿಸಿದ ಮಿದುಳಿನ ನಕ್ಷೆಯಲ್ಲಿ ಇಡೀ ಬೆನ್ನಿಗೆ ಸಿಕ್ಕಿದ ಜಾಗ ತೀರಾ ಸ್ವಲ್ಪ; ಬೆರಳು, ತುಟಿ, ನಾಲಿಗೆಗೆ ಸಿಕ್ಕಿದ್ದು ಧಾರಾಳ. ಮನುಸ್ಮೃತಿ ಗಟ್ಟಿಯಾಗಿ ಹೇಳುವ ಜಪಕ್ಕಿಂತ ತುಟಿಯಷ್ಟೇ ಆಡುವ ಉಪಾಂಶುವನ್ನು, ಅದಕ್ಕಿಂತ ಮನಸ್ಸಿನಲ್ಲೇ ನಡೆಯುವ ಮಾನಸವನ್ನು ಮೇಲಿಡುತ್ತದೆ, ನಿಜ. ಆದರೆ ಮೊದಲ ದಿನವೇ ಮಾನಸಕ್ಕೆ ಹಾರಿದವರಿಗೆ ಬರುವುದು ಸಮಾಧಿಯಲ್ಲ, ನಿದ್ದೆ. ಮೊದಲ ಹದಿನೈದು ದಿನ ತುಟಿ ಆಡಲಿ.

ಸುಮ್ಮನೆ ಕೂತಾಗ ಮಿದುಳು ಸುಮ್ಮನಿರುವುದಿಲ್ಲ. ಹಳೆಯ ಜಗಳ, ನಾಳೆಯ ಖರ್ಚು, ‘ನಾನು’, ‘ನನ್ನದು’ ಎಂದು ತಿರುಗುತ್ತಲೇ ಇರುವ ಒಂದು ಜಾಲವಿದೆ. ಅಮೆರಿಕದ ರೇಕಲ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಮಿದುಳಿನ ‘ಡೀಫಾಲ್ಟ್’ ಸ್ಥಿತಿ ಎಂದು ಕರೆದರು. ಯೋಗಸೂತ್ರದ ಪತಂಜಲಿ ಹೇಳುವ ಚಿತ್ತವೃತ್ತಿ, ಅಂದರೆ ಮನಸ್ಸಿನ ಅಲೆದಾಟ, ಇದೇ ಎಂದುಬಿಡುವ ಆತುರ ಬೇಡ. ಋಷಿಗಳು ಸ್ಕ್ಯಾನ್ ಮಾಡಿರಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಒಳಗೆ ಕೂತು ನೋಡಿದ್ದನ್ನು ಹೇಳಿದರು. 2015ರಲ್ಲಿ ಇಸ್ರೇಲಿನ ಸಂಶೋಧಕರು ಧ್ಯಾನದ ಗಂಧವೇ ಇಲ್ಲದವರಿಂದ ಹೀಬ್ರೂವಿನ ‘ಎಖಾದ್’ ಎಂಬ ಪದವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಸಿದಾಗ ಈ ಜಾಲ ತಣ್ಣಗಾಯಿತು. ಆ ಪದದ ಅರ್ಥ ‘ಒಂದು’. ನಮ್ಮ ‘ಏಕಂ’ ನೆನಪಾಗದೆ ಇರುತ್ತದೆಯೇ? ಬೆಂಗಳೂರಿನ ನಿಮ್ಹಾನ್ಸ್‌ನವರು 2011ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನದಲ್ಲಿ ‘ಓಂ’ ಹೇಳುವಾಗ ಭಯ, ಉದ್ವೇಗಗಳ ಜೊತೆ ನಂಟಿರುವ ಅಮಿಗ್ಡಲಾ ಶಾಂತವಾದದ್ದು ಕಂಡಿತು. ಬರೀ ‘ಸ್ಸ್ಸ್’ ಎಂದಾಗ ಹಾಗಾಗಲಿಲ್ಲ. ಪುಟ್ಟ ಅಧ್ಯಯನ ಎಂಬ ಮಾತನ್ನು ಮರೆತು ವಾಟ್ಸಾಪ್‌ನಲ್ಲಿ ಹಂಚಬೇಡಿ.

ಹಾಗಾದರೆ ಭಕ್ತಿಗೇನು ಕೆಲಸ? ಯಾವ ಪದವಾದರೂ ನಡೆಯುತ್ತದಲ್ಲ?

ಇದರ ಉತ್ತರ ಮೂರನೆಯ ವಾರದ ಹೊತ್ತಿಗೆ ತಾನಾಗಿಯೇ ಸಿಗುತ್ತದೆ. ಸೈಕಲ್ ತುಳಿಯುವುದನ್ನು, ರಂಗೋಲಿ ಎಳೆಯುವುದನ್ನು ಮಿದುಳು ತನ್ನ ಒಳಗಿನ ಬೇಸಲ್ ಗ್ಯಾಂಗ್ಲಿಯಾಕ್ಕೆ ಒಪ್ಪಿಸಿ ಕೈ ತೊಳೆದುಕೊಳ್ಳುವಂತೆ, ಪಳಗಿದ ಜಪವನ್ನೂ ಒಪ್ಪಿಸುತ್ತದೆ. ಮಣಿ ಸರಿಯುತ್ತಿರುತ್ತದೆ, ತುಟಿ ಆಡುತ್ತಿರುತ್ತದೆ, ಮನಸ್ಸು ಮಾರ್ಕೆಟ್ಟಿನಲ್ಲಿ ಹುರುಳಿಕಾಯಿ ಚೌಕಾಶಿ ಮಾಡುತ್ತಿರುತ್ತದೆ. ವ್ರತ ಕೆಡುವುದು ಇಲ್ಲಿ, ಲೆಕ್ಕ ತಪ್ಪಿದಾಗಲ್ಲ. ಅದಕ್ಕೇ ಪತಂಜಲಿ ಜಪದ ಜೊತೆಗೇ ಅದರ ಅರ್ಥದ ಭಾವನೆಯನ್ನೂ ಕಟ್ಟಿಟ್ಟದ್ದು: ‘ತಜ್ಜಪಸ್ತದರ್ಥಭಾವನಮ್’. ‘ನಮಃ’ ಎನ್ನುವಾಗ ಬಾಗುವುದು, ‘ಶಿವಾಯ’ ಎನ್ನುವಾಗ ಯಾರಿಗೆ ಎಂದು ನೆನೆಯುವುದು. ಅರ್ಥವನ್ನು ಬೆರಳಿಗೆ ಒಪ್ಪಿಸಲಾಗದು. ಮೇರುಮಣಿಯ ತಿರುವೂ ಇಲ್ಲಿ ನೆರವಿಗೆ ಬರುತ್ತದೆ. ಅಲ್ಲಿ ಕೈ ಓಡಿದ್ದೇ ಓಡಲಾಗದು, ನಿಂತು ಮಾಲೆ ತಿರುಗಿಸಬೇಕು. ಆ ಕ್ಷಣ ‘ಎಲ್ಲಿದ್ದೆ?’ ಎಂದು ಕೇಳಿಕೊಳ್ಳಿ. ಅಲೆದದ್ದಕ್ಕೆ ಪೇಚಾಡುತ್ತಾ ಕೂತರೆ ಅದೂ ಅಲೆದಾಟವೇ. ಮನಸ್ಸು ಎತ್ತೆತ್ತ ಹರಿದರೂ ಅತ್ತತ್ತಲಿಂದ ಹಿಂದಕ್ಕೆ ತಾ ಎಂದಷ್ಟೇ ಗೀತೆಯ ಆರನೆಯ ಅಧ್ಯಾಯ ಹೇಳುವುದು. ಹರಿಯಲೇಬಾರದು ಎಂದು ಹೇಳಿಲ್ಲ.

ಉಸಿರಿನದು ಬೇರೆಯೇ ಲೆಕ್ಕ. ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ 23 ಜನರಿಂದ ಲ್ಯಾಟಿನ್ ಜಪಸರದ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹೂಂ’ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು, ಎದೆಬಡಿತದ ಏರಿಳಿತ ಅದರ ಲಯಕ್ಕೆ ಕೂಡಿಕೊಂಡಿತು. ಆದರೆ ಉಸಿರಿಗೊಂದು ಮಂತ್ರದಂತೆ 21 ಮಾಲೆ ಮಾಡಲು ಆರು ಗಂಟೆ ದಾಟುತ್ತದೆ, ಸಂಸಾರಸ್ಥರಿಗೆ ಆಗದ ಮಾತು. ಹಾಗಾಗಿ ಲಕ್ಷದ ಲೆಕ್ಕ ಲೆಕ್ಕದ ಪಾಡಿಗೆ ನಡೆಯಲಿ. ಶಿವರಾತ್ರಿಯಂದು ಜಪವನ್ನು ನೀರು ಬಿಟ್ಟು ಅರ್ಪಿಸಿ. ಮರುದಿನ ಬೆಳಿಗ್ಗೆ ಪಾರಣೆಗೆ ಮುನ್ನ ಅದೇ ಮಾಲೆಯನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳಿ: ಒಂದು ಉಸಿರು, ಒಂದು ಮಂತ್ರ, ಒಂದು ಮಣಿ. ಮೇರು ಮುಟ್ಟಲು ಹದಿನೆಂಟು ನಿಮಿಷ ಸಾಕು.